ಬಿಡ್ಕಿಬೈಲಿನ ಮೊಬೈಲ್ ಅಂಗಡಿ ಮತ್ತು ಆಯಿಯ ಶುಕ್ರವಾರ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಹಾಕುತ್ತಿಲ್ಲ. ಹಾಕಲಾ ಎಂದು ಕೇಳಿದ್ದಕ್ಕೆ ಅಂಗಡಿಯವರೇ ಬೇಡ ಎಂದರು. "ಲಾಕ್ ತೆಗಿತಾರಂತೆ ಅಂತ ಸುದ್ದಿ ಆದ್ರೆ ನಾಳೆಯಿಂದ ಯಾರ್ಯಾರದೋ ಫೋನ್ ಹಿಡ್ಕೊಂಡು ಬರ್ತಾರೆ ಅಕ್ಕಾ, ಅವರನ್ನ ವಾಪಸ್ ಕಳಿಸೋದೇ ನನಗೊಂದು ಕೆಲಸ ಆಗ್ತದೆ." ಹಾಗಾಗಿ ಗುರುತು ಮಾತ್ರ. ಶಿರಸಿ, ಬಿಡ್ಕಿಬೈಲಿನ ಹತ್ತಿರ ಒಂದು ಓಣಿ, ಪಕ್ಕದಲ್ಲಿ ಪಾತ್ರೆ ಅಂಗಡಿ. ಮಳೆಗಾಲದಲ್ಲಿ ಎದುರಿನ ಕಟ್ಟೆಯ ಮೇಲೆ ಕೊಡೆ ರಿಪೇರಿಯವರು ಕೂರುತ್ತಾರೆ. ಉಳಿದದ್ದನ್ನು ಯಾರನ್ನಾದರೂ ಕೇಳಿ, ತೋರಿಸುತ್ತಾರೆ.

ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂತ ಆಮೇಲೆ ಹೇಳುತ್ತೇನೆ.

ತೊಂದರೆ ಬಂದದ್ದು ಆಯಿಯ, ಅಂದರೆ ನನ್ನ ಅಮ್ಮನ, ಫೋನಿಗೆ. ತವರುಮನೆ ಶಿರಸಿಯಿಂದ ಇಪ್ಪತ್ತು ಕಿಲೋಮೀಟರ್ ಒಳಗೆ. ಅಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಅಂಗಳದ ತುದಿಯ ಹಲಸಿನ ಮರದ ಬುಡಕ್ಕೆ ಹೋಗಬೇಕು, ಆದರೆ ಮನೆಗೆ ಫೈಬರ್ ಬಂದಿರುವುದರಿಂದ ವೈಫೈ ಚೆನ್ನಾಗಿದೆ. 2025ರ ಜುಲೈ 10, ಗುರುಪೂರ್ಣಿಮೆ. ಅವತ್ತು ಬೆಳಗ್ಗೆ ಆಯಿ ಅಪ್ಪಯ್ಯನ ಫೋನಿನಿಂದ ಕರೆ ಮಾಡಿದಳು. ಅವಳ ಫೋನಿನಲ್ಲಿ ಯೂಟ್ಯೂಬ್ ಬರುತ್ತಿಲ್ಲ, ವಾಟ್ಸಾಪ್ ತೆರೆಯುತ್ತಿಲ್ಲ, ಏನೋ ಇಂಗ್ಲಿಷಿನಲ್ಲಿ ಬರುತ್ತಿದೆ, ಓಕೆ ಒತ್ತಿದರೂ ಮತ್ತೆ ಅದೇ. ಇಷ್ಟು ಹೇಳಿ ಕೊನೆಗೆ ಒಂದು ಮಾತು ಸೇರಿಸಿದಳು. "ಕೂಸೇ, ಈ ಫೋನು ಇವತ್ತು ಶುಕ್ರವಾರ ಹೇಳ್ತಾ ಇದ್ದು. ಪಂಚಾಂಗದಲ್ಲಿ ಗುರುವಾರ."

ನಾನು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಆಯ್ತು ಆಯಿ, ನೋಡುತ್ತೇನೆ ಎಂದು ಇಟ್ಟುಬಿಟ್ಟೆ. ಆ ಶುಕ್ರವಾರದ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೋಗಿದ್ದರೆ ಮುಂದಿನದು ಏನೂ ಆಗುತ್ತಿರಲಿಲ್ಲ.

ಸಂಜೆ ತವರುಮನೆಗೆ ಹೋಗಿ ನೋಡಿದೆ. ಗೂಗಲ್ ಖಾತೆಗೆ ಸೈನ್ ಇನ್ ಆಗುತ್ತಿಲ್ಲ, ಸರ್ವರ್ ಜೊತೆ ಸಂಪರ್ಕದಲ್ಲಿ ತೊಂದರೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂಬ ಅರ್ಥದ ಸಂದೇಶ. ನಿಮ್ಮಲ್ಲಿ ಬಹಳ ಜನ ಇದನ್ನು ನೋಡಿರುತ್ತೀರಿ. ವೈಫೈ ಆಫ್ ಮಾಡಿ ಆನ್ ಮಾಡಿದೆ. ಫೋನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಆಮೇಲೆ ಒಂದು ವಿಡಿಯೋ ನೋಡಿದೆ. ಖಾತೆಯನ್ನು ಫೋನಿನಿಂದ ತೆಗೆದು ಮತ್ತೆ ಹಾಕಿ, ಎಲ್ಲ ಸರಿ ಹೋಗುತ್ತದೆ ಎಂದು ಅದರಲ್ಲಿದ್ದ ಹುಡುಗ ಭಾರೀ ಧೈರ್ಯದಿಂದ ಹೇಳಿದ. ತೆಗೆದೆ. "ಫೋನಿನಲ್ಲಿರುವ ಮೆಸೇಜು, ಕಾಂಟ್ಯಾಕ್ಟು ಎಲ್ಲ ಹೋಗುತ್ತದೆ" ಎಂದು ಫೋನ್ ಕೇಳಿತ್ತಂತೆ. ನಾನು ಓದಲಿಲ್ಲ, ಹೌದು ಒತ್ತಿದೆ.

ಮತ್ತೆ ಹಾಕಲು ಹೋದರೆ ಅದೇ ಸಂದೇಶ. ಆಯಿ ಕಾಂಟ್ಯಾಕ್ಟ್ ತೆರೆದಳು. ಖಾಲಿ. ಒಂದೇ ಒಂದು ಹೆಸರಿಲ್ಲ. "ಎಲ್ಲ ಹೋತು?" ಎಂದಳು. ಬೈಯಲಿಲ್ಲ, ಅದೇ ಕಷ್ಟ.

ಜುಲೈ ತಿಂಗಳೆಂದರೆ ಅಡಿಕೆ ತೋಟದವರಿಗೆ ಏನೆಂದು ಗೊತ್ತಲ್ಲ. ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಸಬೇಕು, ಮಳೆ ಒಂದು ದಿನ ಬಿಟ್ಟರೂ ಕೊನೆಗೌಡರನ್ನು ಹಿಡಿದು ಮರ ಹತ್ತಿಸಬೇಕು, ಅವರು ಊರಿಗೆ ಇಬ್ಬರೋ ಮೂವರೋ, ಎಲ್ಲರ ಮನೆಯಿಂದಲೂ ಅವರಿಗೇ ಕರೆ. ನಮ್ಮ ಮನೆಯಲ್ಲಿ ಕೊನೆಗೌಡರ ನಂಬರ್ ಇರುವುದು ಆಯಿಯ ಫೋನಿನಲ್ಲಿ. ಅಪ್ಪಯ್ಯನ ಫೋನಿನಲ್ಲಿ ಇರುವುದು ಆಯಿಯ ನಂಬರ್ ಮಾತ್ರ.

ಮಾರನೇ ದಿನ ಆಯಿಯನ್ನು ಕರೆದುಕೊಂಡು ಶಿರಸಿಗೆ ಬಂದೆ. ಮೊದಲು ಹೋದದ್ದು ಬಸ್‌ಸ್ಟ್ಯಾಂಡ್ ಕಡೆಯ ಬೇರೊಂದು ಅಂಗಡಿಗೆ. ಹುಡುಗ ಫೋನನ್ನು ಎರಡು ಸಲ ಉಜ್ಜಿ ನೋಡಿ "ರಿಸೆಟ್ ಹೊಡಿಬೇಕು ಮೇಡಂ, 300 ಆಗ್ತದೆ" ಎಂದ. ಫೋಟೋ? "ಹೋಗ್ತದೆ." ಆಯಿ ಫೋನ್ ವಾಪಸ್ ಕಿತ್ತುಕೊಂಡಳು. ಅದರಲ್ಲಿ ಮೊಮ್ಮಗಳ ನಾಮಕರಣದ ಫೋಟೋ ಇದೆ.

ಇಷ್ಟರಲ್ಲಿ ನಾನು ನನ್ನ ಫೋನಿನಿಂದ ಆಯಿಯ ಖಾತೆಗೆ ಹೋಗಿ "ಪಾಸ್‌ವರ್ಡ್ ಮರೆತಿದೆ" ಒತ್ತಿದ್ದೆ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಫೋನ್ ತಂದಾಗ ಅಣ್ಣ ಏನೋ ಹಾಕಿದ್ದ, ಅವನಿಗೂ ನೆನಪಿಲ್ಲ. ಕೋಡ್ ಕಳಿಸಿದ್ದೇವೆ ಎಂದು ಬಂತು. ಆಯಿಯ ಫೋನ್ ಹಿಡಿದು ಕಾದೆವು. ಬರಲಿಲ್ಲ. ಮೂರು ಸಲ ಕಳಿಸಿದೆ, ಬರಲಿಲ್ಲ. ಸಿಮ್ ಹಳೇದಾಗಿದೆ, ಅದಕ್ಕೇ ಎಸ್‌ಎಂಎಸ್ ಬರುತ್ತಿಲ್ಲ ಎಂದು ನಾನೇ ಒಂದು ತೀರ್ಮಾನಕ್ಕೆ ಬಂದು ಸಂಜೆ ಅದೇ ನಂಬರಿಗೆ ಹೊಸ ಸಿಮ್ ಹಾಕಿಸಿದೆ. ಅದಾದ ಮೇಲಂತೂ ಒಂದೇ ಒಂದು ಮೆಸೇಜ್ ಇಲ್ಲ, ಬ್ಯಾಂಕಿನದೂ ಇಲ್ಲ. ರಾತ್ರಿ ಅಣ್ಣ ಬೆಂಗಳೂರಿನಿಂದ "ಕಸ್ಟಮರ್ ಕೇರ್ ನಂಬರ್ ಸಿಕ್ತು" ಎಂದು ಇಂಟರ್ನೆಟ್‌ನಿಂದ ಒಂದು ಹತ್ತು ಅಂಕಿಯ ನಂಬರ್ ಕಳಿಸಿದ. ದೇವರ ದಯ, ನಿದ್ದೆ ಬಂದಿತ್ತು, ಕರೆ ಮಾಡಲಿಲ್ಲ.

ಶನಿವಾರ ಈ ಬಿಡ್ಕಿಬೈಲಿನ ಅಂಗಡಿಗೆ ಹೋದದ್ದು ಪಾತ್ರೆ ಅಂಗಡಿಯವರು ಹೇಳಿದ್ದಕ್ಕೆ. ಆಯಿ ದೋಸೆ ಕಾವಲಿ ನೋಡಲು ನಿಂತಿದ್ದಳು, ಫೋನಿನ ದುಃಖವನ್ನು ಅವರಿಗೂ ಹೇಳಿಕೊಂಡಳು.

ಅಂಗಡಿ ಎಂದರೆ ಒಂದು ಕೌಂಟರ್, ಒಬ್ಬರು, ಒಂದು ಸ್ಟೂಲ್. ಆ ಸ್ಟೂಲ್‌ನ ಒಂದು ಕಾಲು ಗಿಡ್ಡ, ಅಡಿಗೆ ರಟ್ಟು ಮಡಚಿ ಇಟ್ಟಿದ್ದಾರೆ. ನಮಗಿಂತ ಮುಂಚೆ ಒಬ್ಬರಿದ್ದರು. ಅವರದು ಸೆಕೆಂಡ್ ಹ್ಯಾಂಡ್ ಫೋನ್, ರಿಸೆಟ್ ಆದ ಮೇಲೆ ಮೊದಲಿದ್ದ ಖಾತೆಯ ಪಾಸ್‌ವರ್ಡ್ ಕೇಳುತ್ತಿದೆ, ತೆಗೆದುಕೊಡಿ ಎಂದು ಪಟ್ಟು ಹಿಡಿದಿದ್ದರು. ಅಂಗಡಿಯವರು ತಾಳ್ಮೆಯಿಂದ ಹೇಳುತ್ತಿದ್ದರು. ಈ ಬೀಗ ಆಂಡ್ರಾಯ್ಡ್‌ನಲ್ಲಿ 2015ರಿಂದ, 5.1ರಿಂದ ಇದೆ, ಕದ್ದವರು ರಿಸೆಟ್ ಹೊಡೆದು ಮಾರಬಾರದು ಅಂತಲೇ ಇಟ್ಟದ್ದು, ಮಾರಿದವರನ್ನು ಕರೆದುಕೊಂಡು ಬನ್ನಿ, ಅವರು ಪಾಸ್‌ವರ್ಡ್ ಹಾಕಲಿ. ಆ ಮನುಷ್ಯ 1,000 ಕೊಡ್ತೀನಿ ಎಂದರು. ಇವರು *#06# ಒತ್ತಿಸಿ ಬಂದ ಐಎಂಇಐ ನಂಬರನ್ನು, ಅಂದರೆ ಆ ಫೋನಿನ ಗುರುತಿನ ಸಂಖ್ಯೆಯನ್ನು, ಚೀಟಿಯಲ್ಲಿ ಬರೆದುಕೊಟ್ಟು, ಕೆವೈಎಂ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಒಂದು ಜಾಗ ಬಿಟ್ಟು ಈ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿ, ಫೋನಿನ ಜಾತಕ ಬರ್ತದೆ ಎಂದು ಕಳಿಸಿಬಿಟ್ಟರು. ಸಾವಿರ ರೂಪಾಯಿ ಬಿಟ್ಟುಕೊಟ್ಟದ್ದನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಸ್ವಲ್ಪ ನಂಬಿಕೆ ಬಂತು.

ಆಮೇಲೆ ನಮ್ಮ ಸರದಿ. ನಾನು ಎರಡು ದಿನದ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕೇಳಿದರು, ಆದರೆ ಏನೂ ಒತ್ತಲಿಲ್ಲ. ಫೋನನ್ನು ಬನಿಯನ್ ಬಟ್ಟೆಯಿಂದ ಒರೆಸಿ ಕೌಂಟರಿನ ಮೇಲೆ ಆಯಿಯ ಕಡೆಗೆ ತಿರುಗಿಸಿ ಇಟ್ಟರು. ಆಮೇಲೆ ವಾಟ್ಸಾಪ್ ತೆರೆದು ಅಲ್ಲಿ ಬಂದದ್ದನ್ನು, ಮಕ್ಕಳಿಗೆ ಕಾಗುಣಿತ ಕಲಿಸುವ ಹಾಗೆ, ಒಂದೊಂದು ಶಬ್ದದ ಕೆಳಗೆ ಬೆರಳಿಟ್ಟು ಕನ್ನಡದಲ್ಲಿ ಓದಿದರು. "ನಿಮ್ಮ. ಫೋನಿನ. ತಾರೀಕು. ಸರಿ. ಇಲ್ಲ."

ಅಷ್ಟೇ. ಎರಡು ದಿನದಿಂದ ಫೋನ್ ಇದನ್ನೇ ಹೇಳುತ್ತಿತ್ತು. ಇಂಗ್ಲಿಷಿನಲ್ಲಿ ಇತ್ತೆಂದು ಆಯಿ ಓದಲಿಲ್ಲ. ಇಂಗ್ಲಿಷ್ ಬರುತ್ತದೆಂದು ನಾನು ಓದಲಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯ ತೆರೆದು ತೋರಿಸಿದರು. ದಿನ ಸರಿ, ತಿಂಗಳು ಸರಿ, ವರ್ಷ 2026. ಮುಖಪುಟದಲ್ಲಿ ವಾರ, ದಿನ, ತಿಂಗಳು ಮಾತ್ರ ಕಾಣುತ್ತದೆ, ವರ್ಷ ಕಾಣುವುದೇ ಇಲ್ಲ. ಒಂದು ವರ್ಷ ಮುಂದೆ ಹೋದರೆ ತಾರೀಕು ಅದೇ ಇದ್ದರೂ ವಾರ ಒಂದು ದಿನ ಮುಂದೆ ಬರುತ್ತದೆ. ಗುರುವಾರ ಇದ್ದದ್ದು ಶುಕ್ರವಾರ. ಆಯಿ ನನ್ನ ಮುಖ ನೋಡಿದಳು. "ಆನು ಅವತ್ತೇ ಹೇಳಿದ್ದಿ."

ತಾರೀಕಿಗೂ ಸೈನ್ ಇನ್‌ಗೂ ಏನು ಸಂಬಂಧ ಅಂತ ನಾನು ಕೇಳಿದೆ. ಅವರು ಕೊಟ್ಟ ಉತ್ತರ ಇಷ್ಟವಾಯಿತು, ಹಾಗೇ ಬರೆಯುತ್ತೇನೆ. "ನಮ್ಮ ಫೋನು ಗೂಗಲ್ ಸರ್ವರ್ ಹತ್ರ ಹೋದಾಗ ಮೊದಲು ಅದರ ಪಾಸ್ ನೋಡ್ತದೆ ಅಕ್ಕಾ. ನೀನು ಅಸಲಿ ಹೌದೋ ಅಲ್ವೋ ಅಂತ. ಆ ಪಾಸಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರ್ತದೆ, ಬಸ್ ಪಾಸ್ ಇದ್ದ ಹಾಗೆ. ಕಂಡಕ್ಟರನ ಕೈಲಿ ಮುಂದಿನ ವರ್ಷದ ಕ್ಯಾಲೆಂಡರ್ ಇದ್ರೆ? ಪಾಸ್ ಸರಿ ಇದ್ರೂ ಅವಧಿ ಮುಗೀತು, ಇಳಿ ಅಂತಾನೆ. ನಿಮ್ಮ ಫೋನ್ ಅದೇ ಮಾಡ್ತಾ ಇದೆ. ಸರ್ವರೂ ಸರಿ ಇದೆ, ನೆಟ್ಟೂ ಸರಿ ಇದೆ, ಕಂಡಕ್ಟರನ ಕ್ಯಾಲೆಂಡರ್ ಸರಿ ಇಲ್ಲ."

ನೆಟ್‌ವರ್ಕಿನಿಂದ ಸಮಯ ತಾನಾಗಿ ಬರುವ ಗುಂಡಿ ಆಫ್ ಆಗಿತ್ತು. ಆನ್ ಮಾಡಿದರು. 2026 ಹೋಗಿ 2025 ಬಂತು, ವಾಟ್ಸಾಪ್ ತೆರೆಯಿತು, ಗುರುಪೂರ್ಣಿಮೆಯ ಶುಭಾಶಯಗಳು ಎರಡು ದಿನ ತಡವಾಗಿ ಒಂದರ ಮೇಲೊಂದು ಟಣ್ ಟಣ್ ಎಂದು ಬಿದ್ದವು. ಯಾರು ಆಫ್ ಮಾಡಿದ್ದು ಅಂತ ಕೇಳಿದರು. ಆಯಿ ಗೊತ್ತಿಲ್ಲ ಎಂದಳು. ಅವರು ಫೋನಿನಲ್ಲಿದ್ದ ಒಂದು ಆಟದ ಚಿತ್ರದ ಮೇಲೆ ಬೆರಳಿಟ್ಟು "ಮನೇಲಿ ಮಕ್ಕಳಿದ್ದಾರಾ?" ಎಂದರು. ಇದ್ದಾನೆ. ಅಣ್ಣನ ಮಗ, ಹನ್ನೊಂದು ವರ್ಷ, ರಜೆಗೆ ಬಂದಿದ್ದ. ಆಟದಲ್ಲಿ ಜೀವ ಮುಗಿದರೆ ಕಾಯಬೇಕು, ಕಾಯುವುದು ಯಾಕೆ ಅಂತ ಫೋನಿನ ಗಡಿಯಾರವನ್ನೇ ಮುಂದೆ ತಳ್ಳುತ್ತಾರಂತೆ ಮಕ್ಕಳು. ನಮ್ಮ ಮಾಣಿ ದಿನ, ಎರಡು ದಿನ ಅಲ್ಲ, ಒಂದು ವರ್ಷವನ್ನೇ ತಳ್ಳಿ ಹೋಗಿದ್ದಾನೆ.

ಇಲ್ಲಿಗೆ ಮುಗಿಯಬೇಕಿತ್ತು. ನಾನು ಖಾತೆ ತೆಗೆಯದಿದ್ದರೆ ಮುಗಿಯುತ್ತಿತ್ತು. ಈಗ ಫೋನ್ ಪಾಸ್‌ವರ್ಡ್ ಕೇಳುತ್ತಿದೆ. ಅಂಗಡಿಯವರು ಬೈಯಲಿಲ್ಲ, ಆದರೆ ಕ್ರಮ ಹೇಳಿದರು. ಮೊದಲು ತಾರೀಕು ನೋಡಬೇಕು. ಆಮೇಲೆ ನೆಟ್, ವೈಫೈ ಬಿಟ್ಟು ಡೇಟಾದಲ್ಲಿ, ಡೇಟಾ ಬಿಟ್ಟು ವೈಫೈಯಲ್ಲಿ. ವಿಪಿಎನ್ ಅಂತ ಏನಾದರೂ ಹಾಕಿದ್ದರೆ ಅದನ್ನು ಆಫ್ ಮಾಡಬೇಕು. ಆಮೇಲೆ ಗೂಗಲ್ ಪ್ಲೇ ಸರ್ವಿಸಸ್‌ನ ಕ್ಯಾಶ್, ಅಂದರೆ ಅದು ತಾತ್ಕಾಲಿಕವಾಗಿ ಕೂಡಿಟ್ಟ ಮಾಹಿತಿ, ಅಳಿಸಬೇಕು. ಖಾತೆ ತೆಗೆಯುವುದು ಕೊನೆಯ ಮದ್ದು, ಅದೂ ಪಾಸ್‌ವರ್ಡ್ ಗೊತ್ತಿದ್ದರೆ ಮಾತ್ರ. ಕಾಂಟ್ಯಾಕ್ಟ್ ಅಳಿಸಿ ಹೋಗಿಲ್ಲ, ಖಾತೆಯ ಜೊತೆ ಗೂಗಲ್ ಹತ್ತಿರ ಇದೆ, ಖಾತೆ ಬಂದರೆ ಅವೂ ಬರುತ್ತವೆ ಎಂದಾಗ ಆಯಿ ಮೊದಲ ಬಾರಿ ಸ್ಟೂಲ್ ಮೇಲೆ ಸರಿಯಾಗಿ ಕುಳಿತಳು.

ಆಮೇಲೆ ನನ್ನ ಫೋನಿನಲ್ಲಿ ನಿನ್ನೆ ನಾನು ಮೂರು ಸಲ ನೋಡಿದ್ದ ಅದೇ ಪುಟ. ಅವರು ಮತ್ತೆ ಬೆರಳಿಟ್ಟು ಓದಿದರು. "ಕೊನೆಗೆ 38 ಇರೋ ನಂಬರಿಗೆ ಕೋಡ್ ಕಳಿಸಿದ್ದೇವೆ. ಅಮ್ಮಾ, ನಿಮ್ಮ ನಂಬರ್ ಕೊನೆಗೆ ಏನು?"

"ಎಪ್ಪತ್ತೊಂದು."

ನಾನು ನೆಲ ನೋಡಿದೆ. 38 ಆಯಿಯ ಹಳೇ ನಂಬರ್. ಅದಕ್ಕೆ ರೀಚಾರ್ಜ್ ಮಾಡದೇ ಬಿಟ್ಟು ಎರಡು ವರ್ಷದ ಮೇಲಾಯಿತು. ಹಾಗೆ ಸತ್ತ ನಂಬರನ್ನು ಕಂಪನಿಯವರು ಕನಿಷ್ಠ 90 ದಿನ ಯಾರಿಗೂ ಕೊಡುವ ಹಾಗಿಲ್ಲ, ಆಮೇಲೆ ಹೊಸಬರಿಗೆ ಕೊಡಬಹುದು. ಅಂದರೆ ನಾನು ಮೂರು ಸಲ ಕಳಿಸಿದ ಕೋಡು ಎಲ್ಲೋ ಯಾರದೋ ಫೋನಿಗೆ ಹೋಗಿದ್ದರೂ ಹೋಗಿರಬಹುದು. ಬ್ಯಾಂಕ್, ಆಧಾರ್, ಗೂಗಲ್ ಎಲ್ಲ ಕಡೆ ಹೊಸ ನಂಬರ್ ಹಾಕದೇ ಹಳೇ ಸಿಮ್ ಬಿಡಬೇಡಿ ಎಂದು ಅವರು ಹೇಳಿದ್ದು ನನಗಲ್ಲ, ಸರದಿಯಲ್ಲಿ ನಿಂತಿದ್ದ ಇನ್ನೊಬ್ಬರಿಗೆ, ಆದರೆ ನನಗೇ ತಾಗಿತು.

ಹಾಗಾದರೆ ಬ್ಯಾಂಕಿನ ಮೆಸೇಜೂ ಯಾಕೆ ಬರುತ್ತಿಲ್ಲ ಎಂದೆ. "ಸಿಮ್ ಯಾವಾಗ ಬದಲಾಯಿಸಿದ್ದು?" ನಿನ್ನೆ ಸಂಜೆ. "ಹಾಗಾದ್ರೆ ಇವತ್ತು ಸಂಜೆವರೆಗೆ ಬರೋದಿಲ್ಲ. ಬದಲಿ ಸಿಮ್ ಹಾಕಿದ ಮೇಲೆ 24 ಗಂಟೆ ಎಸ್‌ಎಂಎಸ್ ಬಂದ್." ನಮ್ಮ ಹೆಸರಿನಲ್ಲಿ ಕಳ್ಳರು ಬದಲಿ ಸಿಮ್ ತೆಗೆದು ಒಟಿಪಿ ಹೊಡೆಯಬಾರದು ಅಂತ ದೂರಸಂಪರ್ಕ ಇಲಾಖೆ 2022ರಲ್ಲಿ ತಂದ ನಿಯಮವಂತೆ. ಒಳ್ಳೆಯ ನಿಯಮವೇ. ಸಿಮ್ ಕೊಡುವಾಗ ಇದನ್ನು ಒಂದು ಮಾತು ಹೇಳಿದ್ದರೆ ನಾನು ರಾತ್ರಿ ಅಷ್ಟು ಸಲ ಫೋನ್ ಆಫ್ ಮಾಡಿ ಆನ್ ಮಾಡುತ್ತಿರಲಿಲ್ಲ. ಅಣ್ಣ ಕಳಿಸಿದ ಕಸ್ಟಮರ್ ಕೇರ್ ನಂಬರನ್ನೂ ತೋರಿಸಿದೆ. ಅವರು ಓದಲೂ ಇಲ್ಲ, ಗೋಡೆಗೆ ಅಂಟಿಸಿದ್ದ 1930 ತೋರಿಸಿದರು, ಸೈಬರ್ ವಂಚನೆಯ ದೂರಿಗೆ ಇರುವ ನಂಬರ್ ಅದು. "ಅಲ್ಲಿಗೆ ಕರೆ ಮಾಡಿದ್ರೆ ಆಮೇಲೆ ಇಲ್ಲಿಗೂ ಮಾಡಬೇಕಾಗ್ತಿತ್ತು. ಪಾಸ್‌ವರ್ಡ್ ಕೊಡಿಸ್ತೀವಿ ಅನ್ನೋರ ಜೊತೆ ಗೂಗಲ್‌ಗೆ ಸಂಬಂಧ ಇಲ್ಲ ಅಂತ ಅವರೇ ಬರೆದಿದ್ದಾರೆ."

ಇನ್ನೇನು ದಾರಿ? ಈ ಖಾತೆ ಬೇರೆ ಎಲ್ಲಾದರೂ ತೆರೆದಿದೆಯಾ, ಟಿವಿ, ಹಳೇ ಫೋನ್, ಯಾವುದಾದರೂ, ಎಂದು ಕೇಳಿದರು. ಟಿವಿ ಹಳೇ ಡಬ್ಬಿ. ಹಳೇ ಫೋನ್ ಇಲ್ಲ ಎಂದೆ. ಆಯಿಯೂ ಇಲ್ಲ ಎಂದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಯಿಗೆ ಸುಮ್ಮನಿರಲು ಬರುವುದಿಲ್ಲ. "ನಮ್ಮನೆ ನೆಟ್ ಸರೀ ಇದ್ದು. ಅಡುಗೆಮನೆ ರೇಡಿಯೋದಲ್ಲಿ ತಾಳಮದ್ದಲೆ ಚೊಲೋ ಬರ್ತು" ಎಂದಳು.

"ಯಾವ ರೇಡಿಯೋ ಅಮ್ಮಾ? ನೆಟ್ ಬೇಕಾಗೋ ರೇಡಿಯೋ?"

ಆಗ ಹೊಳೆಯಿತು. ಅಡುಗೆಮನೆ ಕಿಟಕಿಯಲ್ಲಿ, ಹುಣಸೆ ಹಣ್ಣಿನ ಡಬ್ಬಿಗೆ ಒರಗಿಸಿ ಇಟ್ಟಿರುವ ಒಡೆದ ಫೋನ್. ಸಿಮ್ ಇಲ್ಲ, ಚಾರ್ಜರ್ ಯಾವಾಗಲೂ ಚುಚ್ಚಿಯೇ ಇರುತ್ತದೆ, ಬೆಳಗ್ಗೆ ಸುಪ್ರಭಾತ, ಮಧ್ಯಾಹ್ನ ತಾಳಮದ್ದಲೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಫೋನ್ ಎನ್ನುವುದಿಲ್ಲ, ಅದು ರೇಡಿಯೋ. ಆಯಿಯ ಖಾತೆ ಅದರಲ್ಲಿ ಹಾಗೇ ಇದೆ!

ಈ ಅಂಗಡಿಗೆ ಸ್ಟಾರ್ ಕೊಡಲು ನನಗೆ ದೊಡ್ಡ ಕಾರಣ ಇದರ ನಂತರದ್ದು. ಬೇರೆ ಯಾರೇ ಆಗಿದ್ದರೂ ಆ ಫೋನನ್ನು ತನ್ನಿ, ನಾನು ಮಾಡಿಕೊಡುತ್ತೇನೆ ಎನ್ನುತ್ತಿದ್ದರು. ಇವರು ನಮ್ಮನ್ನು ಮನೆಗೆ ಕಳಿಸಿದರು. ಖಾತೆ ವಾಪಸ್ ಪಡೆಯುವಾಗ ಗೂಗಲ್ ಯಾವ ಫೋನಿನಿಂದ, ಎಲ್ಲಿಂದ ಕೇಳುತ್ತಿದ್ದೀರಿ ಎಂದೂ ನೋಡುತ್ತದೆ. ದಿನಾ ಬಳಸುವ ಫೋನು, ದಿನಾ ಬಳಸುವ ವೈಫೈ ಆದರೆ ಒಳ್ಳೆಯದು. ಅಂಗಡಿಯಲ್ಲಿ ಕೂತು ಸುಮ್ನೆ ಒತ್ತುತ್ತಾ ಹೋದರೆ ಪ್ರಯತ್ನ ಜಾಸ್ತಿ ಆಯಿತು, ಆಮೇಲೆ ಬನ್ನಿ ಎಂದು ಬಾಗಿಲು ಹಾಕಿಬಿಡುತ್ತದೆ. "ಇವತ್ತು ಇನ್ನು ಏನೂ ಒತ್ತಬೇಡಿ. ನಾಳೆ ಬೆಳಗ್ಗೆ ಮನೇಲಿ ಕೂತು ಮಾಡಿ. ಎಲ್ಲಾದ್ರೂ ನಿಂತ್ರೆ ನನಗೆ ಫೋನ್ ಮಾಡಿ, ಆದ್ರೆ ಪರದೆ ಮೇಲೆ ಏನು ಬರೆದಿದೆ ಅಂತ ಪೂರ್ತಿ ಓದಿ ಹೇಳ್ಬೇಕು. ಅದೇನೋ ಬಂದಿದೆ ಅಂದ್ರೆ ನಾನು ಇಟ್ಟುಬಿಡ್ತೇನೆ." ಅವತ್ತು ತೆಗೆದುಕೊಂಡದ್ದು 50 ರೂಪಾಯಿ.

ಭಾನುವಾರ ಬೆಳಗ್ಗೆ ದೋಸೆ ಆದ ಮೇಲೆ ಅಡುಗೆಮನೆಯಲ್ಲೇ ಕುಳಿತೆವು. ಹೊರಗೆ ಧೋ ಎಂದು ಮಳೆ, ಕರೆಂಟ್ ಹೋಗದಿದ್ದರೆ ಸಾಕು ಎಂದು ನನಗೆ ಜೀವ ಕೈಯಲ್ಲಿ. ಆಯಿ ಈಗ ಬಳಸುವ ಹೊಸ ಫೋನಿನಲ್ಲಿ ಪಾಸ್‌ವರ್ಡ್ ಮರೆತಿದೆ, ಬೇರೆ ದಾರಿ ತೋರಿಸಿ ಎಂದು ಒತ್ತಿದೆವು. ಹೊಸ ಫೋನಿನ ಪರದೆಯ ಮೇಲೆ ದೊಡ್ಡದಾಗಿ 61 ಎಂದು ಬಂತು. ಅದೇ ಹೊತ್ತಿಗೆ ತಾಳಮದ್ದಲೆ ನಿಂತು ರೇಡಿಯೋದ ಮೇಲೆ ಒಂದು ಪ್ರಶ್ನೆ ಬಂತು, ಖಾತೆ ವಾಪಸ್ ಕೇಳುತ್ತಿರುವುದು ನೀವೇನಾ? ಹೌದು ಒತ್ತಿದರೆ ಮೂರು ಸಂಖ್ಯೆ, ಹೊಸ ಫೋನಿನಲ್ಲಿ ಕಂಡದ್ದನ್ನೇ ಇಲ್ಲಿ ಒತ್ತಬೇಕು. ಒಡೆದ ಗಾಜಿನ ಗೀರು ಸರಿಯಾಗಿ ನಡುವಿನ ಸಂಖ್ಯೆಯ ಮೇಲೇ ಹಾದುಹೋಗಿದೆ, ಅದರ ಮೇಲೆ ಅರಿಶಿನದ ಕಲೆ ಬೇರೆ. 61 ಹೌದೋ 81 ಹೌದೋ ಗೊತ್ತಾಗುತ್ತಿಲ್ಲ. ನಾನು ಒತ್ತಲು ಹೋದೆ. ಆಯಿ ನನ್ನ ಕೈ ಹಿಡಿದು "ತಡಿ, ಓದು ಮೊದ್ಲು" ಎಂದಳು. ಸೆರಗಿನಿಂದ ಒರೆಸಿ, ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿ, ತಾನೇ ಒತ್ತಿದಳು.

ಹೊಸ ಪಾಸ್‌ವರ್ಡ್ ಹಾಕಿ ಎಂದು ಬಂತು.

ಏನು ಹಾಕಿದಳೆಂದು ನನಗೆ ಗೊತ್ತಿಲ್ಲ, ಆ ಕಡೆ ತಿರುಗು ಎಂದಳು. ಕಣ್ಣಿನ ಚಿತ್ರ ಒತ್ತಿದರೆ ಬರೆದದ್ದು ಕಾಣುತ್ತದೆ ಎಂದು ಅಂಗಡಿಯವರು ಹೇಳಿದ್ದರು, ಅದನ್ನು ಒತ್ತಿಕೊಂಡು ಒಂದೇ ಬೆರಳಿನಲ್ಲಿ ಬರೆದಳು. ಆಮೇಲೆ ಎದ್ದು ಹೋಗಿ ಎಲ್ಲೋ ಬರೆದಿಟ್ಟು ಬಂದಳು. ಪಾಸ್‌ವರ್ಡ್ ಬರೆದಿಡಬಾರದು ಎನ್ನುವವರು ಇದ್ದೀರಿ, ಗೊತ್ತು. ನಮ್ಮ ಮನೆಯ ಟ್ರಂಕಿಗೆ ಕೈ ಹಾಕುವ ಕಳ್ಳನಿಗೆ ಆಯಿಯ ಜಿಮೇಲ್ ಬೇಕಾಗಿರುವುದಿಲ್ಲ.

ಕಾಂಟ್ಯಾಕ್ಟ್ ತಕ್ಷಣ ಬರಲಿಲ್ಲ. ನಾಲ್ಕೈದು ನಿಮಿಷ ಖಾಲಿಯೇ ಇತ್ತು. ಅಂಗಡಿಯವರಿಗೆ ಫೋನ್ ಮಾಡಿದೆ, ಭಾನುವಾರವಾದರೂ ಎತ್ತಿದರು. ಪರದೆ ಮೇಲೆ ಏನಿದೆ ಎಂದರು, ಪೂರ್ತಿ ಓದಿದೆ. ಸಿಂಕ್, ಅಂದರೆ ಖಾತೆಯಲ್ಲಿದ್ದದ್ದು ಫೋನಿಗೆ ಬರುವ ವ್ಯವಸ್ಥೆ, ಆಫ್ ಇದೆ ಎಂದು ಮೇಲೆ ಸಣ್ಣಕ್ಕೆ ಬರೆದಿತ್ತು. ಓದುತ್ತಾ ಓದುತ್ತಾ ನನಗೇ ಗೊತ್ತಾಯಿತು, ಅವರು ಆ ಕಡೆ ನಕ್ಕರು. ಆನ್ ಮಾಡಿದೆ. ಹೆಸರುಗಳು ಒಂದೊಂದಾಗಿ ಬಂದವು. ಆಯಿ ಇಟ್ಟ ಹೆಸರುಗಳೇ ಬೇರೆ ರೀತಿ. ಗ್ಯಾಸ್ ಮಾಣಿ. ಡೈರಿ. ಹೊಲಿಗೆ ಅಕ್ಕ. ಭಟ್ರು ಮೇಲಿನಕೇರಿ. ಕೊನೆಗೌಡ ಹಳಬ. ಕೊನೆಗೌಡ ಹೊಸಬ. ಹಳಬರಿಗೆ ಅಲ್ಲೇ ಕರೆ ಮಾಡಿದಳು, ಮಂಗಳವಾರ ಮಳೆ ಬಿಟ್ಟರೆ ಬರುತ್ತೇನೆ ಎಂದರಂತೆ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಖಾತೆಯಲ್ಲಿ 38 ತೆಗೆದು 71 ಹಾಕಿದೆವು, ನನ್ನ ಇಮೇಲನ್ನೂ ಸೇರಿಸಿದೆವು. ಮುಂದಿನ ವಾರ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಹಾಕಿದ ಮೇಲೆ ಇನ್ನೊಂದು ಗುರುತನ್ನೂ ಕೇಳುವುದು) ಆನ್ ಮಾಡಿ, ಫೋನ್ ಕೈಯಲ್ಲಿ ಇಲ್ಲದಾಗ ಬೇಕಾಗುವ ಬ್ಯಾಕಪ್ ಕೋಡ್ ತೆಗೆದೆವು. ಎಂಟೆಂಟು ಅಂಕಿಯ ಹತ್ತು ಕೋಡು, ಒಂದನ್ನು ಒಂದೇ ಸಲ ಬಳಸಬಹುದು. ಅವು ಈಗ ಟ್ರಂಕಿನಲ್ಲಿ ಪಹಣಿ ಪತ್ರದ ಜೊತೆ ಇವೆ. ಆಯಿಯ ವಿಳಾಸವನ್ನು ಅಣ್ಣ ಒಂದು ಕಡೆ ಚುಕ್ಕೆ ಇಟ್ಟು, ಇನ್ನೊಂದು ಕಡೆ ಇಡದೇ ಬರೆದಿದ್ದ. ಅದರ ಚಿಂತೆ ಬೇಡವಂತೆ, ಜಿಮೇಲ್ ಹೆಸರಿನ ನಡುವಿನ ಚುಕ್ಕೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮ್ಮ ಮನೆಯ ರೇಡಿಯೋ ತೀರಾ ಹಳೇದಾಗಿದ್ದರೆ ಮಾತ್ರ ಕಷ್ಟ. ಆಂಡ್ರಾಯ್ಡ್ 2.3.7 ಮತ್ತು ಅದಕ್ಕಿಂತ ಹಿಂದಿನ ಫೋನುಗಳಲ್ಲಿ 2021ರ ಸೆಪ್ಟೆಂಬರ್ 27ರಿಂದ ಗೂಗಲ್ ಖಾತೆಗೆ ಸೈನ್ ಇನ್ ಆಗುವುದಕ್ಕೆ ಬರುವುದಿಲ್ಲ.

ಈಗ ಆ ಒಂದು ಸ್ಟಾರ್. ಅಂಗಡಿ ಮಧ್ಯಾಹ್ನ ಒಂದೂವರೆಗೆ ಮುಚ್ಚಿದರೆ ನಾಲ್ಕಕ್ಕೇ ತೆರೆಯುವುದು, ಹಳ್ಳಿಯಿಂದ ಬಸ್ಸಿಗೆ ಬಂದವರು ಎಲ್ಲಿ ಕೂರಬೇಕು? ಕೆಲಸ ನಿಧಾನ, ನಮ್ಮೊಬ್ಬರಿಗೇ ಮುಕ್ಕಾಲು ಗಂಟೆ ಆಯಿತು, ಹಿಂದೆ ನಿಂತಿದ್ದ ಇಬ್ಬರು ಹೋಗೇಬಿಟ್ಟರು. ಬಿಲ್ ಕೊಡುವುದಿಲ್ಲ. ಐಫೋನ್ ತಂದರೆ ಮುಟ್ಟುವುದೇ ಇಲ್ಲ, ಹುಬ್ಬಳ್ಳಿಗೆ ಹೋಗಿ ಎನ್ನುತ್ತಾರೆ. ಮತ್ತೆ ಉಪಕಾರಕ್ಕೆ ಇರಲಿ ಎಂದು ನಾನು 100 ರೂಪಾಯಿ ಕೊಟ್ಟು ಹಾಕಿಸಿದ ಟೆಂಪರ್ಡ್ ಗ್ಲಾಸ್ ಚೊಲೋ ಇಲ್ಲ, ನಾಲ್ಕೇ ದಿನಕ್ಕೆ ಮೂಲೆಯಲ್ಲಿ ಗುಳ್ಳೆ ಎದ್ದಿದೆ. ಗ್ಲಾಸನ್ನು ಬೇರೆ ಕಡೆ ಹಾಕಿಸಿಕೊಳ್ಳಿ. ನೀರು ಹೋದ ಫೋನು, ಡಿಸ್‌ಪ್ಲೇ, ಬ್ಯಾಟರಿ ಇವುಗಳ ಕೆಲಸ ಹೇಗೆ ಮಾಡುತ್ತಾರೋ ನಾನು ನೋಡಿಲ್ಲ. ಆದರೆ ಸೈನ್ ಇನ್ ಆಗುತ್ತಿಲ್ಲ, ಪಾಸ್‌ವರ್ಡ್ ಹೋಯಿತು, ಒಟಿಪಿ ಬರುತ್ತಿಲ್ಲ ಎನ್ನುವವರು ಬೇರೆ ಎಲ್ಲಿಗೂ ಹೋಗುವ ಮೊದಲು, ರಿಸೆಟ್ ಹೊಡೆಯುವ ಮೊದಲಂತೂ ಖಂಡಿತ, ಇಲ್ಲಿಗೆ ಹೋಗಿ. ಮನೆಯ ದೊಡ್ಡವರ ಫೋನ್ ಆದರೆ ಅವರನ್ನೂ ಕರೆದುಕೊಂಡು ಹೋಗಿ, ಯಾಕೆಂದರೆ ಅಂಗಡಿಯವರು ಕೇಳುವುದು ಅವರನ್ನೇ, ನಿಮ್ಮನ್ನಲ್ಲ.

ಅಣ್ಣನ ಮಗ ಮಾತ್ರ ಈ ಅಂಗಡಿಗೆ ಒಂದು ಸ್ಟಾರೂ ಕೊಡುವುದಿಲ್ಲವಂತೆ. ಮೊನ್ನೆ ಶನಿವಾರ ಬಂದವನೇ ಆಯಿಯ ಫೋನ್ ಎತ್ತಿಕೊಂಡು ಆಟ ತೆರೆದ. ಗಡಿಯಾರ ಒಂದು ವರ್ಷ ಹಿಂದಕ್ಕೆ ಬಂದಿದ್ದು ಆಟಕ್ಕೆ ಗೊತ್ತಿಲ್ಲ, ಅದು ಇನ್ನೂ 2026ರ ಲೆಕ್ಕದಲ್ಲೇ ಇದೆ. ಮುಂದಿನ ಜೀವಕ್ಕೆ ಎಂಟು ಸಾವಿರ ಚಿಲ್ಲರೆ ಗಂಟೆ ಕಾಯಬೇಕು ಎಂದು ತೋರಿಸುತ್ತಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಅವನ ಪಕ್ಕ ಕೂತು, ಒಂದೊಂದು ಅಂಕಿಯ ಕೆಳಗೂ ಬೆರಳಿಟ್ಟು ಓದಿ ಹೇಳಿದಳು.